ನಾಲ್ಕಡಿ ಸಾಕು

ಚನ್ನಗಿರಿಯಿಂದ ತಮ್ಮನ ಫೋನು: "ಅಣ್ಣಾ, ಐದಡಿ ರೋಟವೇಟರ್ ತಗೊಂಡ್ರೆ ಕೆಲಸ ಬೇಗ ಮುಗಿಯುತ್ತಂತೆ." ಹಾಗಂದವನು ಅದನ್ನು ಮಾರುವವನೇ! ಪುಣೆಯಿಂದ ಅರ್ಧ ದುಡ್ಡು ಕಳಿಸುವವನು ನಾನು, ಕೇಳಲೇಬೇಕಲ್ಲ.

ನಮ್ಮದು 24 ಎಚ್‌ಪಿ ಟ್ರ್ಯಾಕ್ಟರ್. ಪಿಟಿಒಗೆ ಸಿಗುವ ಶಕ್ತಿ ಇನ್ನೂ ಕಡಿಮೆ. ಅಡಿಕೆ ಸಾಲಿನ ನಡುವೆ 9 ಅಡಿ. ಬೇರುಗಳು ಮೇಲೆಮೇಲೆಯೇ ಹರಡಿರುತ್ತವೆ, ಎರಡೂ ಬದಿ ಎರಡೂವರೆ ಅಡಿ ಬಿಟ್ಟರೆ ಉಳಿಯುವುದು ನಾಲ್ಕೇ. ಹಿಂದಿನ ಟೈರುಗಳ ಹೊರ ಅಂಚಿನಿಂದ ಅಂಚಿಗೆ ಅಳೆಯಲು ಹೇಳಿದೆ. ಮೂರು ಮುಕ್ಕಾಲು ಅಡಿ ಬಂತು. ಟೈರಿನ ಜಾಡು ಅಳಿಸಿದರೆ ಸಾಕಲ್ಲ?

ಹಿಂದೆ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ನಮ್ಮ ತೋಟವೋ ಇಳಿಜಾರು. ಓಡಿಸುವವರು ಅಪ್ಪ, ಎಪ್ಪತ್ತರ ಹತ್ತಿರ.

ಅದನ್ನು ಹೇಳಿದ ಮೇಲೆ ತಮ್ಮ ವಾದ ಮಾಡಲಿಲ್ಲ. ಸ್ವಲ್ಪ ಮುನಿಸಿನಿಂದಲೇ ನಾಲ್ಕಡಿಯದು ಬುಕ್ ಮಾಡಿದ.