ಸೋಮವಾರದ ಭಜನಿ, ಹೆಸರಿನ ಹೊಲದ ಎಡಿ

ಹೆಸರಿಗೆ ಎರಡನೇ ಎಡಿ ಹೊಡೆದು ಮುಗೀತು. ಬಿತ್ತಿ ಇವತ್ತಿಗೆ 32 ದಿನ. ಮ್ಯಾಲಿನ ಹೊಲದಾಗ ಅಲ್ಲೊಂದು ಇಲ್ಲೊಂದು ಹೂ ಕಾಣಾಕ ಹತ್ತೇತಿ. ಕೆಳಗಿನ ಎರಿಯೊಳಗ ನೀರು ನಿಂತ ಜಾಗಾದಾಗ ಎಲಿ ಸ್ವಲ್ಪ ಹಳದಿ ತಿರುಗೇತಿ. ಅದರ ಬಗ್ಗೆ ಮುಂದಿನ ಸಲ ಬರೀತೀನಿ. ಇವತ್ತಿನ ವಿಷಯ ಬ್ಯಾರೆ.

ಹೋದ ಸಂತಿಯೊಳಗ ಬಾಜೂ ಊರಿನ ಗೆಳೆಯಾರೊಬ್ಬರು ಸಿಕ್ಕಿದ್ರು. "ಮಳಿ ನಂಬೂ ಹಂಗಿಲ್ಲ, ರೇಟ್ ಕೇಳೂ ಹಂಗಿಲ್ಲ, ನಿಮ್ಮೂರಾಗ ಮಾತ್ರ ವಾರಾ ವಾರಾ ಭಜನಿ ಜೋರ ನಡದೈತಿ. ಹಾಡಿದ್ರ ಸಾಲ ತೀರತೈತೇನ್ರೀ?" ಅಂತ ಕೇಳಿದ್ರು. ಕೇಳಿದ್ದು ಚೇಷ್ಟೆಗೆ, ಆದ್ರ ಪ್ರಶ್ನೆ ಖರೇನ ಐತಿ. ಸಂತಿ ಗದ್ದಲದಾಗ ಹೇಳಾಕ ಆಗಲಿಲ್ಲ, ಇಲ್ಲಿ ಹೇಳ್ತೀನಿ.

ಸಾಲ ತೀರೂದಿಲ್ಲ. ಮೊದಲು ಅದನ್ನ ಹೇಳಿಬಿಡೋಣ. ಕೀಡಿ ಸಾಯೂದಿಲ್ಲ, ಕ್ವಿಂಟಲ್‌ಗೆ ನೂರು ರೂಪಾಯಿ ಹೆಚ್ಚಿಗೆ ಸಿಗೂದಿಲ್ಲ. ಹಂಗಾದ್ರ ಯಾಕ ಹೋಗ್ತೀವಿ?

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡೂದಿಲ್ಲ, ಬಸವಣ್ಣನ ವಾರ. ನಿಮಗೂ ಗೊತ್ತಿದ್ದದ್ದ. ಎತ್ತಿಗೆ ವಾರಕ್ಕ ಒಂದು ದಿನ ಬಿಡುವು ಇರಬೇಕು ಅಂತ ಹಿರಿಯಾರು ಕಟ್ಟು ಮಾಡಿಟ್ಟಾರ. ಒಕ್ಕಲಿಗನಿಗೆ ಮಾತ್ರ ಅಂಥಾ ಕಟ್ಟು ಯಾರೂ ಮಾಡಿಲ್ಲ, ಅಂವ ಸೋಮವಾರನೂ ಬದು ಕಡೀತಾನ, ಗೊಬ್ಬರಾ ತರಾಕ ಹೋಗ್ತಾನ. ಅವನ ಬಿಡುವು ರಾತ್ರಿ ಎಂಟೂವರಿಗೆ ಗುಡಿ ಕಟ್ಟಿ ಮ್ಯಾಲೆ ಶುರು ಆಗತೈತಿ. ಒಂದು ಹಾರ್ಮೋನಿಯಂ, ಒಂದು ಡೋಲಕಿ, ಮೂರು ಜೋಡಿ ತಾಳ, ಒಂದು ಏಕತಾರಿ. ಹನ್ನೊಂದು ಮಂದಿ. ಅದರಾಗ ಛಲೋ ದನಿ ಇದ್ದವರು ಇಬ್ಬರ. ಒಬ್ಬರು ಅಜ್ಜಾರು ಅದಾರ, ಕಿವಿ ಪೂರ್ತಿ ಮಂದ. ಹಾರ್ಮೋನಿಯಂ ಅವರಿಗೆ ಕೇಳೂದಿಲ್ಲ, ಆದರೂ ನಮ್ಮ ಬಾಯಿ, ಡೋಲಕಿ ಮ್ಯಾಲಿನ ಕೈ ನೋಡ್ಕೋತ ತಾಳ ಹಾಕ್ತಾರ. ಕೆಹರವಾ ಅಂದ್ರ ಎಂಟು ಮಾತ್ರೆ. ಎಂಟೂ ಸರಿಯಾಗಿ ಬೀಳತಾವು. ಕಿವಿ ಇದ್ದ ನಮ್ಮದ ಎಷ್ಟೋ ಸಲ ತಪ್ಪತೈತಿ.

ಮೊದಲು ಹಿಂಗ ಹಾಡಾಕ ಬ್ಯಾರೆ ಹೊತ್ತು ತೆಗದಿಡೂದು ಬೇಕಿರಲಿಲ್ಲ. ಹಂತಿ ಕಟ್ಟಿದಾಗ ಮೇಟಿ ಸುತ್ತ ಎತ್ತು ತಿರುಗತಿದ್ವು, ಹಿಂದ ಹೊಡಿಯಾಂವ ರಾತ್ರಿಯೆಲ್ಲಾ ಹಾಡತಿದ್ದ. ಹಾಡು ನಿಂತ್ರ ಎತ್ತೂ ನಿಲ್ಲತಿದ್ವು ಅಂತ ನಮ್ಮಪ್ಪ ಹೇಳತಿದ್ದ. ನಮ್ಮವ್ವ ಬೀಸೂಕಲ್ಲಿನ ಮುಂದ ಕುಂತು ನಸುಕಿನ್ಯಾಗ ಹಾಡತಿದ್ದಳು, ನಾವು ಹಾಸಿಗ್ಯಾಗ ಬಿದ್ಕೊಂಡು ಕೇಳತಿದ್ವಿ. ಈಗ ಮಷಿನ್ ಬಂದೈತಿ, ರಾಶಿ ಒಂದೆರಡು ತಾಸಿನ್ಯಾಗ ಮುಗೀತೈತಿ, ಹಿಟ್ಟು ಗಿರಣಿಗೆ ಹೋಗತೈತಿ. ಅದು ಹೋಗಿದ್ದಕ್ಕ ನಾನು ಅಳಾಂವ ಅಲ್ಲ. ಅವ್ವನ ಭುಜದ ನೋವು ನನಗ ನೆನಪೈತಿ. ಆದ್ರ ಕೆಲಸದ ಸಂಗಡ ಪುಕ್ಕಟೆ ಸಿಗತಿದ್ದ ಹಾಡೂ ಅದರ ಜೋಡಿನ ಹೋತು. ಈಗ ಅದಕ್ಕ ಬ್ಯಾರೆ ವ್ಯಾಳೆ ಕೊಡಬೇಕು, ಇಲ್ಲಂದ್ರ ಇಲ್ಲ.

ಹಾಡೂದ್ರಿಂದ ಏನಾಗತೈತಿ ಅಂತ ಮೈ ಮ್ಯಾಲಿನ ಲೆಕ್ಕಾ ಹೇಳ್ತೀನಿ. ಒಂದು ಉದ್ದ ಸಾಲು ಹಾಡಬೇಕಂದ್ರ ಉಸಿರು ನಿಧಾನ ಬಿಡಬೇಕು. ಹಂಗ ಅರ್ಧ ತಾಸು ಉಸಿರು ಬಿಟ್ರ ಎದಿ ಬಡಿತ ತಾನ ಇಳೀತೈತಿ. ಮುಂದಿನಾಂವ ಸಾಲು ಹೇಳ್ತಾನ, ಹಿಂದಿನವರು ಎತ್ತಿಕೋಬೇಕು. ಎತ್ತಿಕೋಬೇಕಂದ್ರ ಕೇಳಿಸ್ಕೋಬೇಕು. ಆ ಹೊತ್ತಿನ್ಯಾಗ ಬಡ್ಡಿ ಲೆಕ್ಕಾ ಹಾಕಾಕ ತಲಿಯೊಳಗ ಜಾಗಾ ಇರೂದಿಲ್ಲ. ಎರಡು ತಾಸು ಆದಮ್ಯಾಲೆ ಲೆಕ್ಕಾ ಅಲ್ಲೇ ಇರತೈತಿ, ಆದ್ರ ಆ ರಾತ್ರಿ ನಿದ್ದಿ ಬರತೈತಿ. ನಿದ್ದಿ ಮಾಡಿದಾಂವ ಮುಂಜಾನೆ ಲೆಕ್ಕಾ ನೋಡೂದು ಬ್ಯಾರೆ, ನಿದ್ದಿಗೆಟ್ಟಾಂವ ನೋಡೂದು ಬ್ಯಾರೆ.

ಈ ಕೇಳಿಸ್ಕೊಳ್ಳೂ ರೂಢಿ ಹೊಲಕ್ಕೂ ಬರತೈತಿ. ಪಟ್ಟಣದಾಗ ಮೈಂಡ್‌ಫುಲ್‌ನೆಸ್ ಅಂತ ರೊಕ್ಕಾ ಕೊಟ್ಟು ಕಲೀತಾರಂತ. ನಮ್ಮಲ್ಲಿ ಅದಕ್ಕ ಲಕ್ಷ್ಯ ಅಂತಾರ. ಎಡಿ ಹೊಡಿಯೂ ಮುಂದ ಫೋನ್ ಮನ್ಯಾಗ ಇಟ್ಟು ಬರ್ರಿ, ಒಂದು ದಿನ ನೋಡ್ರಿ. ಕುಂಟಿ ಕುಡ ಹಸಿ ಮಣ್ಣಿನ್ಯಾಗ ಹೋಗೂ ಸಪ್ಪಳ ಬ್ಯಾರೆ, ಕರಕಿ ಬೇರಿಗೆ ಸಿಕ್ಕಾಗಿನ ಸಪ್ಪಳ ಬ್ಯಾರೆ. ಮೊನ್ನೆ ನಾಲ್ಕನೇ ಸಾಲಿನ್ಯಾಗ ಒಂದು ಟಿಟ್ಟಿಭ ಹಕ್ಕಿ ಒದರಿಕೋತ ತಲಿ ಮ್ಯಾಲೆ ಸುತ್ತಾಕತ್ತಿತು. ಎತ್ತು ನಿಲ್ಲಿಸಿ ನೋಡಿದ್ರ ನಡುವಿನ ಬಯಲು ಮಣ್ಣಿನ್ಯಾಗ ನಾಲ್ಕು ತತ್ತಿ, ಮಣ್ಣಿನ ಬಣ್ಣದ್ದ. ಕುಂಟಿ ಎತ್ತಿ ಎರಡು ಮೊಳ ಬಿಟ್ಟು ಮುಂದ ಹೋದ್ವಿ. ಎರಡು ಮೊಳದಾಗ ಎಷ್ಟು ಕಸ ಉಳದೀತು? ಅವತ್ತು ಸಂಜಿತನಾ ಮನಸ್ಸು ಹಗರಾಗಿತ್ತು.

ನಂಬಿಕಿ ಬಗ್ಗೆ ಒಂದು ಮಾತು. ನಮ್ಮ ಮೇಳದಾಗ ಹೆಚ್ಚಿಗೆ ಹಾಡೂವು ಶಿಶುನಾಳ ಶರೀಫರ ತತ್ವಪದ. 1819ರಾಗ ಹುಟ್ಟಿ 1889ರಾಗ ಹೋದವರು, ಕೆಲವು ಕಾಲ ಸಾಲಿ ಮಾಸ್ತರಾಗಿದ್ದವರು, ಗುರು ಗೋವಿಂದ ಭಟ್ಟರ ಶಿಷ್ಯರು. ಅವರ ಗದ್ದುಗಿಗೆ ಇವತ್ತಿಗೂ ಹಿಂದೂಗಳು, ಮುಸಲ್ಮಾನರು ಇಬ್ಬರೂ ನಡ್ಕೋತಾರ. ನಮ್ಮ ಡೋಲಕಿಯಾಂವ, ತಾಳದಾಂವ ಬ್ಯಾರೆ ಬ್ಯಾರೆ ಜಾತಿ, ಬ್ಯಾರೆ ಧರ್ಮ, ಅದು ಅಲ್ಲಿ ಮಾತಿಗೆ ಬರೂದ ಇಲ್ಲ. ಸೋರೂ ಮಾಳಿಗಿ ಹಿಡದು ಅವರು ಬಾಳೇವು ಹೇಳ್ತಾರ. ಮಳಿಗಾಲದಾಗ ಮಾಳಿಗಿ ಸೋರಿ ಪಾತ್ರಿ ಇಟ್ಟು ಕುಂತಾಂವಗ ಅದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದೇವರು ಮಳಿ ಕೊಟ್ಟ ಕೊಡ್ತಾನ ಅಂತ ನಂಬೂದು ಒಂದು. ಮಳಿ ಬರಲಿ ಬಿಡಲಿ, ನಾಳೆ ನಸುಕಿನ್ಯಾಗ ಎದ್ದು ಎತ್ತಿಗೆ ಮೇವು ಹಾಕೂದು ಇನ್ನೊಂದು. ನನಗ ತಿಳದ ನಂಬಿಕಿ ಎರಡನೇದು.

ಈಗ 2023ರ ಮಾತು. ಆ ವರ್ಷದ ಆಗಸ್ಟ್ 1901ರಿಂದ ಈಚೆಗೆ ದೇಶದಾಗ ಎಲ್ಲಕ್ಕಿಂತ ಒಣ ಆಗಸ್ಟ್ ಅಂತ ಹವಾಮಾನ ಇಲಾಖೆ ಹೇಳಿತ್ತು. ನಮ್ಮ ಹೊಲದಾಗ ಅದನ್ನ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಡೋಲಕಿಯಾಂವನ ಬೋರು ನಿಂತಿತು, ಮೆಣಸಿನ ಅಗಿ ಒಣಗಿದ್ವು. ಅಂವ ಮೂರು ಸೋಮವಾರ ಬರಲಿಲ್ಲ. ಕರದ್ರ ಮೈಯಾಗ ಆರಾಮಿಲ್ಲ ಅಂತಿದ್ದ. ಆವಾಗ ಕಿವಿ ಕೇಳದ ಅಜ್ಜಾರು ಅಂದ್ರು: "ಅಂವ ಬರದಿದ್ರ ಗುಡೀನ ಅವನ ಮನಿಗೆ ಹೋಗಲಿ." ಪೆಟ್ಟಿಗಿ, ತಾಳ ಎಲ್ಲಾ ಹೊತ್ಕೊಂಡು ಅವನ ಮನಿ ಕಟ್ಟಿಗೆ ಹೋಗಿ ಕುಂತ್ವಿ. ಏನೂ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ, ಬರೇ ಹಾಡಿದ್ವಿ. ಡೋಲಕಿ ಮತ್ತೊಬ್ಬ ಹುಡುಗ ಬಾರಿಸಾಕತ್ತಿದ್ದ. ನಾಲ್ಕನೇ ಪದಕ್ಕ ಒಳಗಿಂದ ಬಂದ, "ನಡತಿ ತಪ್ಪೇತೋ" ಅಂದ, ಡೋಲಕಿ ಕಸ್ಕೊಂಡು ತಾನ ಕುಂತ.

ಎಲ್ಲಾರೂ ಎದ್ದು ಹೋದಮ್ಯಾಲೆ ಇಬ್ಬರ ಮುಂದ ಬಾಯಿ ಬಿಟ್ಟ. ಎಷ್ಟು ಸಾಲ, ಯಾರ್ಯಾರದು, ರಾತ್ರಿ ಎಂಥಾ ವಿಚಾರ ಬರತಾವು, ಎಲ್ಲಾ. ಮರುದಿನ ಕಾಗದ ಪತ್ರ ತಗೊಂಡು ಮೂರು ಮಂದಿ ಬ್ಯಾಂಕಿಗೆ ಹೋದ್ವಿ. ಬರಪೀಡಿತ ಅಂತ ಘೋಷಣೆ ಆದ ತಾಲೂಕಿನಾಗ ಬೆಳಿ ಹಾನಿ ಆಗಿದ್ರ, ಬೆಳಿಸಾಲವನ್ನ ಕಂತಿನ ಸಾಲ ಮಾಡಿಕೊಡಾಕ ಅವಕಾಶ ಐತಿ. ಕೇಳಿದವರಿಗೆ ಗೊತ್ತಾಗತೈತಿ, ಮನಿಯೊಳಗ ಕುಂತವರಿಗೆ ಗೊತ್ತಾಗೂದಿಲ್ಲ. ಸಾಲ ಮಾಫ್ ಆಗಲಿಲ್ಲ, ಕಂತು ಆತು. ಬೋರಿಗೆ ನೀರು ಇನ್ನೂ ಬಂದಿಲ್ಲ. ಈಗ ಹಿಂಗಾರಿಗೆ ಹಸಿ ಮ್ಯಾಲೆ ಕಡ್ಲಿ ಹಾಕ್ತಾನ. ಸೋಮವಾರ ತಪ್ಪಸೂದಿಲ್ಲ.

ಅದಕ್ಕ ಸಂತಿಯ ಗೆಳೆಯಾರಿಗೆ ನನ್ನ ಉತ್ತರ ಇಷ್ಟ: ಹಾಡಿದ್ರ ಸಾಲ ತೀರೂದಿಲ್ಲ. ಆದ್ರ ವಾರಕ್ಕೊಮ್ಮೆ ಹನ್ನೊಂದು ಮಂದಿ ಒಂದು ಕಡೆ ಕುಂತ್ರ, ಯಾರು ಬಂದಿಲ್ಲ ಅಂತ ಹತ್ತು ಮಂದಿಗೆ ಗೊತ್ತಾಗತೈತಿ.

ರಾತ್ರಿ ಅಂಥಾ ವಿಚಾರ ಯಾರಿಗಾದ್ರೂ ಬರತಿದ್ರ ಸೋಮವಾರದ ತನಕ ಕಾಯಬ್ಯಾಡ್ರಿ. ಸರಕಾರದ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಇರತೈತಿ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ. ಬರದು ಗ್ವಾಡಿಗೆ ಹಚ್ಚಿಡ್ರಿ.

ನಿಮ್ಮೂರಾಗ ಮೇಳ ನಿಂತುಹೋಗಿದ್ರ ಮತ್ತ ಶುರು ಮಾಡಾಕ ದೊಡ್ಡ ಖರ್ಚಿಲ್ಲ. ಎರಡು ಜೋಡಿ ತಾಳ ಸಾಕು, ಹಾರ್ಮೋನಿಯಂ ಆಮ್ಯಾಲೆ ನೋಡೋಣ. ನಮ್ಮ ಕಟ್ಟು ಮೂರ: ಫೋನ್ ಬುಟ್ಟಿಯೊಳಗ, ರಾಜಕಾರಣ ಕಟ್ಟಿ ಕೆಳಗ, ದನಿ ಛಲೋ ಇಲ್ಲ ಅಂತ ಯಾರನ್ನೂ ನಗಬಾರದು. ಶ್ರಾವಣ ಹತ್ತಿರ ಬಂತು. ಶ್ರಾವಣದಾಗ ನಮ್ಮಲ್ಲಿ ದಿನಾ ರಾತ್ರಿ ಇರತೈತಿ. ಹೆಸರು ಬಿಡಿಸೂದ್ರೊಳಗ ಒಮ್ಮೆ ಬಂದು ಹೋಗ್ರಿ. ಚಹಾ ನಮ್ಮದು, ತಾಳ ನಿಮ್ಮದು.