ಧಮನಿಯ ಉಬ್ಬು

ನಾಗಮಂಗಲದಲ್ಲಿರುವ ನನ್ನ ಅಕ್ಕನಿಗೆ ಕಳೆದ ವರ್ಷ ಬೇರಾವುದೋ ಕಾರಣಕ್ಕಾಗಿ ತಲೆಯ ಸ್ಕ್ಯಾನ್ ಮಾಡಿಸಿದಾಗ, ಮಿದುಳಿನ ಧಮನಿಯೊಂದರ ಕವಲಿನಲ್ಲಿ ಕಡಲೆಕಾಳಿನಷ್ಟು ಉಬ್ಬು ಕಂಡುಬಂದಿತು. ವೈದ್ಯರು ಇದನ್ನು ಅನ್ಯೂರಿಸಂ ಎನ್ನುವರು. ಆಳ 6 ಮಿಲಿಮೀಟರು. "ಇಷ್ಟು ಸಣ್ಣದಕ್ಕೆ ಚಿಕಿತ್ಸೆ ಏಕೆ?" ಎಂದರು ಭಾವನವರು, ಪಾಂಡವಪುರದಿಂದ ಬಂದಿದ್ದ ನೆಂಟರೂ ತಲೆದೂಗಿದರು. ನೂರು ಮಂದಿ ವಯಸ್ಕರಲ್ಲಿ ಸುಮಾರು ಮೂವರಿಗೆ ಇಂತಹ ಉಬ್ಬು ಇರುವುದೆಂದೂ, ಅವುಗಳಲ್ಲಿ ಬಹುಪಾಲು ಎಂದಿಗೂ ಒಡೆಯವೆಂದೂ ವೈದ್ಯರೇ ಒಪ್ಪಿಕೊಂಡರು. ಆದರೆ ಗಾತ್ರವೊಂದನ್ನೇ ನೋಡಿದರೆ ಸಾಲದು, ಆಕಾರವನ್ನೂ ನೋಡಬೇಕೆಂಬುದು ಅವರ ವಾದ.

ಶ್ರೀರಂಗಪಟ್ಟಣದ ನಿವಾಸಿಯಾದ ನನಗೆ ಅದು ಕಾವೇರಿಯ ಮೂಲಕವೇ ಅರ್ಥವಾಯಿತು. ನಮ್ಮೂರಿನ ಪಡುವಣ ತುದಿಯಲ್ಲಿ ಹೊಳೆಯು ಎರಡಾಗಿ ಸೀಳುವೆಡೆ, ಪ್ರವಾಹವು ನೇರವಾಗಿ ದ್ವೀಪದ ಮೂತಿಗೆ ಬಡಿಯುವುದು. ಧಮನಿಯೂ ಕವಲೊಡೆಯುವಲ್ಲಿಯೇ ರಕ್ತದ ಪೆಟ್ಟು ತಿಂದು, ಗೋಡೆ ತೆಳುವಾಗಿ ಉಬ್ಬುವುದುಂಟು. ಉಬ್ಬಿನ ಬಾಯಿ ಅಗಲವಾಗಿ ಒಡಲು ಆಳವಿಲ್ಲದಿದ್ದರೆ, ಒಳಹೊಕ್ಕ ರಕ್ತವು ಸಲೀಸಾಗಿ ಹೊರಬೀಳುವುದು. ಬಾಯಿ ಕಿರಿದಾಗಿ ಒಡಲು ಆಳವಾಗಿದ್ದರೋ, ಮಡುವಿನಲ್ಲಿ ನೀರು ಸುಳಿದು ನಿಲ್ಲುವಂತೆ ತುದಿಯಲ್ಲಿ ರಕ್ತವು ಮಂದವಾಗುವುದು. ಹರಿವು ಸವರಿಕೊಂಡು ಹೋಗುತ್ತಿದ್ದರೆ ಮಾತ್ರ ನಾಳದ ಒಳಪದರವು ಆರೋಗ್ಯದಿಂದಿರುವುದು. ಅದು ತಪ್ಪಿದೆಡೆ ಉರಿಯೂತ ಹುಟ್ಟಿ ಗೋಡೆ ಕ್ಷೀಣಿಸುವುದೆಂದು ಹಲವು ತಜ್ಞರ ಮತ. ರಭಸದ ಧಾರೆ ಒಂದೇ ಸ್ಥಳಕ್ಕೆ ತಾಕುವುದೇ ಕೇಡೆಂಬ ಪೂರ್ವಪಕ್ಷವೂ ಉಂಟು; ಚರ್ಚೆ ಇನ್ನೂ ಮುಗಿದಿಲ್ಲ. ಆಳವು ಬಾಯಿಯ ಅಗಲದ 1.6 ಪಟ್ಟನ್ನು ಮೀರಿರುವುದು ಒಡೆದ ಉಬ್ಬುಗಳಲ್ಲಿ ಹೆಚ್ಚು. ಉಬ್ಬಿನ ಮೇಲೊಂದು ಮರಿಯುಬ್ಬಿದ್ದರೆ ಒಡೆಯುವ ಸಂಭವ ಒಂದೂವರೆ ಪಟ್ಟಿಗೂ ಮೇಲೆಂದು 2012ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವು ತಿಳಿಸಿತು. ಅಕ್ಕನ ಉಬ್ಬಿನ ಬಾಯಿ 3 ಮಿಲಿಮೀಟರು, ಮರಿಯೂ ಇದ್ದಿತು.

ಸುಶ್ರುತನು ನಿದಾನಸ್ಥಾನದಲ್ಲಿ ಹೇಳಿರುವ ಸಿರಾಜಗ್ರಂಥಿಯು ಇದೇ ಎಂದು ಮಿತ್ರರೊಬ್ಬರು ಉತ್ಸಾಹಪಟ್ಟರು. ನನಗೆ ಅಷ್ಟು ಧೈರ್ಯವಿಲ್ಲ. ಕಪಾಲದೊಳಗಿನ ಕಡಲೆಕಾಳನ್ನು ಕಾಣಲು ಅವನಿಗೆ ಯಂತ್ರವೆಲ್ಲಿತ್ತು?

ಗೃಹಸ್ಥರು ಒಂದನ್ನು ತಿಳಿದಿರಬೇಕು. ಹಿಂದೆಂದೂ ಅರಿಯದ ತಲೆನೋವು ಸಿಡಿಲಿನಂತೆ ಒಮ್ಮೆಗೇ ಎರಗಿದರೆ, ಶುಂಠಿಯ ಪಟ್ಟು ಹಾಕುತ್ತ ಕೂರದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು.

ಭಾವನವರು ಕೊನೆಗೆ ಸಮ್ಮತಿಸಿದರು. ತಲೆಯನ್ನು ತೆರೆಯಲಿಲ್ಲ, ತೊಡೆಯ ಸಂದಿನ ಧಮನಿಯಿಂದ ತೆಳುವಾದ ನಳಿಕೆಯನ್ನೇರಿಸಿ, ಪ್ಲಾಟಿನಂ ತಂತಿಯ ಸುರುಳಿಗಳಿಂದ ಉಬ್ಬನ್ನು ತುಂಬಿದರು. ಅಪಾಯಕ್ಕೆ ಗುರುತಾಗಿದ್ದ ಆ ಕಿರಿಬಾಯಿಯೇ ಸುರುಳಿಗಳು ಹೊರಜಾರದಂತೆ ತಡೆದು ನಿಲ್ಲಿಸಿತು. ಅಕ್ಕ ಈಗ ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದಾಳೆ. ಧೂಮಪಾನವೂ ಇಂತಹ ಉಬ್ಬಿಗೆ ಕಾರಣವೆಂದು ವೈದ್ಯರು ಹೇಳಿದ ಮಾತು ಮಾತ್ರ ಭಾವನವರ ಕಿವಿಗೆ ಇನ್ನೂ ಬಿದ್ದಂತಿಲ್ಲ.