ಅತ್ತೆಯವರ ಕಿವಿಗೆ ಬಿದ್ದ ಗಿಟಾರು

ನಮ್ಮ ಅತ್ತೆಯವರಿಗೆ ಕಿವಿ ಮಂದವಾಗಿದೆ ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಮುಗಿಯಿತು. "ನಂಗೆ ಚೆನ್ನಾಗೇ ಕೇಳ್ಸತ್ತೆ, ನೀವು ಯಾರೂ ಬಾಯಿ ಬಿಟ್ಟು ಮಾತಾಡಲ್ಲ ಅಷ್ಟೆ" ಎನ್ನುತ್ತಾರೆ. ಎಂಬತ್ತೊಂದು ವರ್ಷದ ಅವರೊಡನೆ ವಾದಕ್ಕಿಳಿಯುವ ಧೈರ್ಯ ನಮ್ಮ ಶಿವಮೊಗ್ಗದ ಮನೆಯಲ್ಲಿ ಯಾರಿಗೂ ಇಲ್ಲ. ಆದರೆ "ಸಾರು ಹಾಕ್ಲಾ?" ಎಂದು ಕೇಳಿದರೆ "ಆರು ಯಾಕೆ, ಎರಡು ಸಾಕು" ಎಂದು ಚಪಾತಿಗೆ ತಟ್ಟೆ ಒಡ್ಡುವವರಿಗೆ ಏನು ಹೇಳೋಣ ಹೇಳಿ?

ಕಿವಿಯ ಡಾಕ್ಟರು ಇದನ್ನು ನನಗೆ ಬಿಡಿಸಿ ಹೇಳಿದ್ದರು. ವಯಸ್ಸಾದಾಗ ಮೊದಲು ಮಾಸುವುದು ಎತ್ತರದ ಸ್ವರಗಳಂತೆ. ಮಾತಿನಲ್ಲಿರುವ ಸ, ಶ, ತ ಇವೆಲ್ಲ ಆ ಮೇಲಿನ ಅಟ್ಟದಲ್ಲಿ ವಾಸ. ಕೆಳಗಿನ ಸ್ವರಗಳು ಬಹಳ ಕಾಲ ಉಳಿಯುತ್ತವೆ. ಅದಕ್ಕೇ ಅವರಿಗೆ ಮೊಮ್ಮಗಳ ಸಣ್ಣ ದನಿಯ ಮಾತು ತಿಳಿಯುವುದಿಲ್ಲ, ಬೀದಿಯ ತುದಿಗೆ ಬಂದ ಲಾರಿ ತಿಳಿಯುತ್ತದೆ. ಯಂತ್ರವನ್ನೂ ಕೊಡಿಸಿದೆವು. ಹಾಕಿಕೊಂಡ ದಿನ ಒಗ್ಗರಣೆಯ ಸದ್ದಿಗೆ ಬೆಚ್ಚಿಬಿದ್ದವರು ಅದನ್ನು ಅಡಕೆ ಡಬ್ಬಿಯ ಪಕ್ಕ ಮಲಗಿಸಿಬಿಟ್ಟರು. ಅದು ಇನ್ನೂ ಎದ್ದಿಲ್ಲ.

ಹೀಗಿರುವಾಗ ಎಂಜಿನಿಯರಿಂಗ್ ಓದುವ ನನ್ನ ಮಗಳು ಸಹಪಾಠಿಯೊಬ್ಬಳ ಬೇಸ್ ಗಿಟಾರು ಎರವಲು ತಂದಳು. ನೋಡಲು ಗಿಟಾರಿನಂತೆಯೇ, ಆದರೆ ಉದ್ದ. ತಂತಿ ಆರಲ್ಲ, ನಾಲ್ಕು. ಒಂದೊಂದೂ ಮಾಮೂಲಿ ಗಿಟಾರಿನ ದಪ್ಪ ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಮೊದಮೊದಲು ನನಗೆ ಪಕ್ಕದ ಮನೆಯಲ್ಲಿ ಮಿಕ್ಸಿ ಕೆಟ್ಟು ನರಳುತ್ತಿರುವ ಹಾಗೆ ಕೇಳಿಸುತ್ತಿತ್ತು. ಅತ್ತೆ ಮಾತ್ರ ಜಪಸರ ಹಿಡಿದುಕೊಂಡು ಎದ್ದು ಬಂದು ಅವಳ ಎಡಗಡೆ ಕುಳಿತರು. "ಯಾರೇ ಅದು ತಂಬೂರಿ ಹಿಡಿದಿರೋದು?" ಎಂದರು.

ಅವರ ತಂದೆ ಹರಿಕಥೆ ದಾಸರು. ಎಂಟು ವರ್ಷದ ಹುಡುಗಿಯಿಂದ ಮದುವೆಯಾಗುವ ತನಕ ತಂದೆಯ ಹಿಂದೆ ಕುಳಿತು ತಂಬೂರಿ ಮೀಟಿದವರು ಅತ್ತೆ. ನಮ್ಮ ಮನೆಗೆ ಬಂದ ಮೇಲೆ ತಂಬೂರಿ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಯಾಕೆ ಎಂದು ನಾವು ಕೇಳಲೂ ಇಲ್ಲ ಎನ್ನುವುದು ಬೇರೆ ಮಾತು. ಆ ಒಂದು ವರ್ಷ ಸಂಜೆ ಆರೂವರೆಗೆ ಅಜ್ಜಿ ಮೊಮ್ಮಗಳ ಕಚೇರಿ ತಪ್ಪುತ್ತಿರಲಿಲ್ಲ. ಆಮೇಲೆ ಗೆಳತಿಗೆ ಕೆಲಸ ಸಿಕ್ಕಿತು, ಗಿಟಾರು ಅವಳೊಡನೆ ಹೊರಟಿತು. ಅತ್ತೆ ದಿನಕ್ಕೆ ಮೂರು ಸಲ "ಅದೆಲ್ಲಿ?" ಎಂದು ಕೇಳತೊಡಗಿದರು. ಆಮೇಲೆ ಕೇಳುವುದನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ನನ್ನ ಚೀಟಿಯ ದುಡ್ಡು ಬರುವುದಿತ್ತು. ಫ್ರಿಜ್ಜಿಗೆಂದು ಎತ್ತಿಟ್ಟದ್ದು. ಹಳೆಯ ಫ್ರಿಜ್ಜು ಇನ್ನೊಂದೆರಡು ಬೇಸಿಗೆ ತಡೆದೀತು ಎಂದುಕೊಂಡೆ.

ಬೆಳಗಿನ ರೈಲಿಗೆ ಮೂವರೂ ಬೆಂಗಳೂರಿಗೆ ಹೊರಟೆವು. ಅತ್ತೆಯನ್ನು ಯಾಕೆ ಕರೆದುಕೊಂಡು ಹೋಗುತ್ತೀ ಎಂದು ಯಜಮಾನರು ಕೇಳಿದರು. ನಾನು ಕರೆದಿರಲಿಲ್ಲ. ಅವರೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

ಅಂಗಡಿಯ ಹುಡುಗ ಮೊದಲು ನನಗೆ ಕೀಬೋರ್ಡು ತೋರಿಸಿದ. "ಹೆಣ್ಮಕ್ಕಳಿಗೆ ಇದು ಸುಲಭ ಮೇಡಂ" ಎಂದ. ಮಗಳು ಉತ್ತರ ಕೊಡದೆ ಗೋಡೆಯಿಂದ ಎರಡು ಬೇಸ್ ಇಳಿಸಿಕೊಂಡಳು. ಎರಡೂ ಕಂದು ಬಣ್ಣ, ಎರಡೂ ನಾಲ್ಕು ಕಿಲೋ ಆಸುಪಾಸು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದೇ ಬಣ್ಣದ ಎರಡು ಇಳಕಲ್ ಸೀರೆಗಳ ಮುಂದೆ ಗಂಟೆಗಟ್ಟಲೆ ಕೂತೆದ್ದ ನನಗೂ ಇವುಗಳಲ್ಲಿ ಭೇದ ಕಾಣಲಿಲ್ಲ.

ಭೇದವನ್ನು ಮಗಳು ರೈಲಿನಲ್ಲೇ ನನಗೆ ಪಾಠ ಮಾಡಿದ್ದಳು. ಎರಡೂ ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಯವನ ಮಕ್ಕಳು. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ ಎಂದು ಕೇಳಿ ನನಗೆ ಬಹಳ ಸಮಾಧಾನವಾಯಿತು. 1951ರಲ್ಲಿ ಆತ ಮಾಡಿದ್ದು ಪ್ರಿಸಿಷನ್ ಬೇಸ್. ಅದಕ್ಕೆ ಮುಂಚೆ ಆಳುದ್ದದ ಮರದ ಪಿಟೀಲನ್ನು ನಿಲ್ಲಿಸಿಕೊಂಡು ನುಡಿಸಬೇಕಿತ್ತು, ಬೆರಳು ಎಲ್ಲಿಟ್ಟರೆ ಯಾವ ಸ್ವರವೆಂದು ಅಂದಾಜಿನ ಮೇಲೇ ತಿಳಿಯಬೇಕಿತ್ತು. ಈತ ನಮ್ಮ ವೀಣೆಯ ಮೆಟ್ಟಿಲುಗಳ ಹಾಗೆ ಮೆಟ್ಟಿಲು ಕೂರಿಸಿದ. ಸ್ವರ ನಿಖರವಾಗಿ ಬರುತ್ತದೆಂದು ಆ ಹೆಸರು. 1960ರಲ್ಲಿ ಜಾಝ್ ಬೇಸ್ ಬಂತು. ಅದರ ಕತ್ತು ತುದಿಯಲ್ಲಿ ಒಂದೂವರೆ ಇಂಚು ಅಗಲ ಅಷ್ಟೆ, ಪ್ರಿಸಿಷನ್ನಿನದು ಮೂರು ನಾಲ್ಕು ಮಿಲಿಮೀಟರು ಹೆಚ್ಚು. ಈಗ ಬೇರೆ ಬೇರೆ ಕಂಪನಿಗಳೂ ಇವೇ ಎರಡು ನಮೂನೆಗಳನ್ನು ಮಾಡುತ್ತವೆ.

ಮೂರು ಮಿಲಿಮೀಟರಿಗೆ ಇಷ್ಟು ಚರ್ಚೆಯೇ ಎಂದು ನಕ್ಕಿದ್ದೆ. ಮಗಳು ತನ್ನ ಎಡಗೈ ಚಾಚಿ ತೋರಿಸಿದಳು. ನನ್ನದೇ ಕೈ, ಗಿಡ್ಡ ಬೆರಳು, ಏಳನೇ ನಂಬರಿನ ಬಳೆಯೂ ಸಡಿಲ. ಎರವಲು ತಂದಿದ್ದು ಅಗಲ ಕತ್ತಿನದು. ಗಂಟೆ ನುಡಿಸಿದ ಮೇಲೆ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತಂತೆ. ಒಂದು ವರ್ಷ ಇದನ್ನು ಅವಳು ಹೇಳಿಯೇ ಇರಲಿಲ್ಲ.

ಇನ್ನೊಂದು ಭೇದ ಪಿಕಪ್ಪಿನದು. ಅಯಸ್ಕಾಂತದ ಸುತ್ತ ಕೂದಲೆಳೆಯ ತಾಮ್ರದ ತಂತಿ ಸುತ್ತಿ ಮೀಟು ತಂತಿಗಳ ಕೆಳಗೆ ಕೂರಿಸಿರುತ್ತಾರೆ. ಕಂಪನವನ್ನು ಕರೆಂಟಾಗಿ ಮಾಡುವುದು ಅದೇ. ಪ್ರಿಸಿಷನ್ನಿನಲ್ಲಿ 1957ರಿಂದ ಒಂದೇ ಪಿಕಪ್ಪು, ಎರಡು ತುಂಡಾಗಿ ಹೊಟ್ಟೆಯ ನಡುವೆ. ಜಾಝಿನಲ್ಲಿ ಎರಡು, ಒಂದು ಕತ್ತಿನ ಕಡೆ, ಒಂದು ಕೆಳಗೆ. ಎರಡಕ್ಕೂ ಬೇರೆ ಬೇರೆ ಗುಂಡಿ. ಅಂಗಡಿಯಲ್ಲಿ ಕೇಳಿದಾಗ ನನಗೂ ಗೊತ್ತಾಯಿತು. ಪ್ರಿಸಿಷನ್ ಎಂದರೆ ಒಂದೇ ಮಾತಿನ ಯಜಮಾನ, ಎದೆಗೆ ಬಡಿಯುವ ದನಿ. ಜಾಝ್ ತುಸು ಮೂಗಿನಲ್ಲಿ ಮಾತಾಡುತ್ತದೆ, ಆದರೆ ನೂರು ಬಗೆಯಲ್ಲಿ ಮಾತಾಡುತ್ತದೆ.

"ಕ್ಯಾರಲ್ ಕೇ ಪ್ರಿಸಿಷನ್ನೇ ನುಡಿಸಿದ್ದು" ಎಂದಳು ಮಗಳು, ತನಗೆ ತಾನೇ ಹೇಳಿಕೊಳ್ಳುವಂತೆ. ಲಾಸ್ ಏಂಜಲೀಸಿನಲ್ಲಿ ಗಿಟಾರು ನುಡಿಸಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸು. 1963ರಲ್ಲಿ ಒಂದು ದಿನ ಸ್ಟುಡಿಯೋಕ್ಕೆ ಬೇಸ್ ನುಡಿಸುವವನು ಬರಲಿಲ್ಲ, ಈಕೆ ಕೈಗೆತ್ತಿಕೊಂಡಳು. ಆಮೇಲೆ ಎಷ್ಟೆಷ್ಟೋ ಪ್ರಸಿದ್ಧ ಹಾಡುಗಳ ಕೆಳಗೆ ಅವಳದೇ ಬೆರಳು. ನಮ್ಮ ಮುಂಬಯಿಯ ಮೋಹಿನಿ ಡೇ ಎಂಬ ಹುಡುಗಿಯ ಹೆಸರು ಮಾತ್ರ ನನಗೆ ಮೊದಲೇ ಗೊತ್ತಿತ್ತು, ರೆಹಮಾನರ ತಂಡದಲ್ಲಿ ನುಡಿಸಿದವಳೆಂದು.

ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಅತ್ತೆ ಎದ್ದು ಬಂದರು. ಮಗಳ ಎಡಗಡೆ ನಿಂತು, ಗಿಟಾರಿನ ಕತ್ತು ಮುಗಿಯುವ ಕಡೆ, ಬಿರಡೆಗಳ ಹತ್ತಿರ, ಕೆನ್ನೆ ಒತ್ತಿ ಕಣ್ಣು ಮುಚ್ಚಿದರು. ತಂಬೂರಿಯವರು ಹಾಗೆ ಕಿವಿ ಕೊಡುವುದನ್ನು ನೀವೂ ನೋಡಿರುತ್ತೀರಿ. ಅಂಗಡಿಯ ಹುಡುಗ ನಗು ನುಂಗಿಕೊಂಡ. ಒಂದಕ್ಕೆ ಕೆನ್ನೆ ಕೊಟ್ಟರು, ಇನ್ನೊಂದಕ್ಕೂ ಕೊಟ್ಟರು. "ಇದು" ಎಂದು ಪ್ರಿಸಿಷನ್ನಿನ ಮೇಲೆ ಕೈಯಿಟ್ಟರು.

ಮಗಳು ನನ್ನ ಮುಖ ನೋಡಿದಳು. ಅವಳು ಅಜ್ಜಿಗಾಗಿ ಅದನ್ನೇ ಒಪ್ಪಿಬಿಡುತ್ತಾಳೆಂದು ನನಗೆ ಗೊತ್ತಾಗಿಹೋಯಿತು. ಮಣಿಕಟ್ಟಿನ ನೋವನ್ನು ಇನ್ನೊಂದು ವರ್ಷವೂ ಹೇಳುವುದಿಲ್ಲ. ನಮ್ಮ ಮನೆಯ ಹೆಂಗಸರೆಲ್ಲ ಹಾಗೆಯೇ. ನನಗೆ ಎಲ್ಲಿಂದ ಬಂತೋ ಧೈರ್ಯ, ಅತ್ತೆಯ ಕಿವಿಯ ಹತ್ತಿರ ಗಟ್ಟಿಯಾಗಿ, ಅಂಗಡಿಯೆಲ್ಲ ತಿರುಗಿ ನೋಡುವ ಹಾಗೆ, "ಅದರಲ್ಲಿ ಇವಳಿಗೆ ಕೈ ನೋಯತ್ತೆ!" ಎಂದೆ.

ಅತ್ತೆ ಮೊಮ್ಮಗಳ ಎಡಗೈ ಹಿಡಿದು ತಿರುಗಿಸಿ ನೋಡಿದರು. "ಮತ್ತೆ ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು?" ಎಂದು ಅವಳನ್ನು ಗದರಿ, ಹೋಗಿ ಸ್ಟೂಲಿನ ಮೇಲೆ ಕೂತರು.

ಜಾಝ್ ತಂದೆವು. ಮನೆಗೆ ಬಂದು ಮಗಳು ಕೆಳಗಿನ ಪಿಕಪ್ಪಿನ ಗುಂಡಿಯನ್ನು ಪೂರ್ತಿ ಇಳಿಸಿದಳು. ಕತ್ತಿನ ಕಡೆಯದೊಂದನ್ನೇ ಇಟ್ಟರೆ ದನಿ ದಪ್ಪಗಾಗಿ ಅಜ್ಜಿ ಮೆಚ್ಚಿದ್ದರ ಹತ್ತಿರ ಬರುತ್ತದಂತೆ. ಬಂತು, ಜೊತೆಗೆ ಒಂದು ಜೇನುಹುಳವೂ ಬಂತು. ಎರಡು ಪಿಕಪ್ಪುಗಳ ಸುತ್ತು ಒಂದಕ್ಕೊಂದು ಎದುರಾಗಿರುವುದರಿಂದ ಎರಡನ್ನೂ ಸಮನಾಗಿ ಏರಿಸಿದರೆ ಮನೆಯ ಕರೆಂಟಿನ ಗುಂಯ್‌ಗುಡುವಿಕೆ ಪರಸ್ಪರ ಹೊಡೆದುಹೋಗುತ್ತದೆ. ಒಂದನ್ನೇ ಇಟ್ಟರೆ ಹಾಗೇ ಉಳಿಯುತ್ತದೆ. ಪ್ರಿಸಿಷನ್ನಿನ ತುಂಡು ಪಿಕಪ್ಪಿನಲ್ಲಿ ಈ ತಾಪತ್ರಯವೇ ಇಲ್ಲ. ನಮ್ಮ ಹಳೆಯ ಮನೆಯ ವೈರಿಂಗು ಬೇರೆ. ನನಗೆ ಫ್ರಿಜ್ಜು ನೆನಪಾಯಿತು. ಅತ್ತೆ ಮಾತ್ರ ಆ ಗುಂಯ್ ಎನ್ನುವುದಕ್ಕೂ ತಲೆದೂಗುತ್ತಿದ್ದರು. "ಶ್ರುತಿ ಚೆನ್ನಾಗಿ ಕೂತಿದೆ" ಎಂದರು.

ಹೋದ ವಾರ ಸಂಜೆ ಕಚೇರಿ ನಡೆದಿದ್ದಾಗ ಕರೆಂಟು ಹೋಯಿತು. ಆಂಪ್ಲಿಫೈಯರ್ ಸತ್ತಿತು, ಜೇನುಹುಳವೂ ಸತ್ತಿತು. ಮೋಂಬತ್ತಿ ಹಚ್ಚಿ ತರುವಾಗ "ಯಾಕೆ ನಿಲ್ಲಿಸ್ದೆ? ನುಡಿಸು" ಎನ್ನುವುದು ಕೇಳಿಸಿತು. ಬಾಗಿಲಲ್ಲಿ ನಿಂತೆ. ಗಟ್ಟಿ ಮರದ ಬೇಸಿಗೆ ಕರೆಂಟಿಲ್ಲದಿದ್ದರೆ ದನಿಯೇ ಇಲ್ಲವೆನ್ನಬೇಕು. ಮಗಳ ಬೆರಳುಗಳು ಮಾತ್ರ ಓಡಾಡುತ್ತಿದ್ದವು. ಅತ್ತೆ ಕೆನ್ನೆಯನ್ನು ಆ ಸಪೂರ ಕತ್ತಿನ ತುದಿಗೆ ಒತ್ತಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಾಲ್ಕು ಮಾರು ದೂರದಲ್ಲಿದ್ದ ನನಗೆ ಒಂದು ಸ್ವರವೂ ಕೇಳಿಸಲಿಲ್ಲ.